ಹಿಡಿಗೊಂದು ವಂಶ, ಅಲಗಿಗೊಂದು ವಂಶ

ಮನೆಯಲ್ಲಿ ಹಳೆಯ ಕತ್ತಿ ಇದೆ ಎಂದು ಯಾರಾದರೂ ಮೊಬೈಲಿಗೆ ಫೋಟೋ ಕಳುಹಿಸಿದಾಗ ಅದರಲ್ಲಿ ಹಿಡಿಯೇ ದೊಡ್ಡದಾಗಿ ಕಾಣುವಂತೆ ತೆಗೆದಿರುತ್ತಾರೆ. ಬೆಳ್ಳಿಯ ಕುಸುರಿ, ತಟ್ಟೆಯಂಥ ತುದಿ, ಅದರ ಮೇಲೆ ಹೂವು. ಕೂಡಲೇ ಎರಡು ಪ್ರಶ್ನೆ ಬರುತ್ತವೆ: ಇದು ಯಾರ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ? ನಾನು ತಿರುಗಿ ಕೇಳುವುದು ಅಲಗಿನ ಬೆನ್ನಿನ ಫೋಟೋವನ್ನು. ಹರಿತವಾದ ಬಾಯಿಗೆ ಎದುರಾಗಿರುವ ಆ ದಪ್ಪ ಅಂಚನ್ನು ಬುಡದಿಂದ ಮೊನೆಯವರೆಗೆ, ನೇರ ಮೇಲಿನಿಂದ ತೆಗೆದು ಕಳುಹಿಸಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಅಲ್ಲಿ ನೋಡುವಂಥದ್ದೇನೂ ಇಲ್ಲವಲ್ಲ ಎಂದು. ನನಗೆ ಬೇಕಾದ್ದು ಬಹುಪಾಲು ಅಲ್ಲಿಯೇ ಇರುತ್ತದೆ.

ನಾನು ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಉಕ್ಕನ್ನು ಕಾಯಿಸುವುದು, ಹದ ಹಾಕುವುದು, ಅರದಿಂದ ಉಜ್ಜಿ ಅಳತೆಗೆ ತರುವುದು ನನ್ನ ಕಸುಬಾಗಿತ್ತು. ಇತಿಹಾಸವನ್ನು ಕಾಲೇಜಿನಲ್ಲಿ ಓದಿದವನಲ್ಲ. ಹಾಗಾಗಿ ಹಳೆಯ ಆಯುಧವೊಂದು ಕೈಗೆ ಬಂದರೆ ಅದರ ರಾಜ ಯಾರು ಎಂದು ಹುಡುಕುವ ಮೊದಲು ಅದನ್ನು ಮಾಡಿದ ಕೈ ಯಾವುದು, ಯಾವ ಹತಾರದಿಂದ ಮಾಡಿದರು, ಆಮೇಲೆ ಯಾರು ರಿಪೇರಿ ಮಾಡಿದರು ಎಂದು ನೋಡುತ್ತೇನೆ. ನನ್ನ ಬಳಿ ಇರುವ ಸಂಗ್ರಹ ಸಣ್ಣದು: ಒಂದು ಕಠಾರಿ, ಒಂದು ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ), ಹಿಡಿಯೇ ಇಲ್ಲದ ಒಂದು ತಲವಾರಿನ ಅಲಗು, ಇನ್ನೂ ಕೆಲವು. ಹಿಡಿಯಿಲ್ಲದ ಆ ಅಲಗನ್ನು ಗುಜರಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದೆ. ನನಗೆ ಹೆಚ್ಚು ಕಲಿಸಿದ್ದು ಅದೇ, ಏಕೆಂದರೆ ಸಾಮಾನ್ಯವಾಗಿ ಹಿಡಿಯೊಳಗೆ ಅಡಗಿರುವ ಭಾಗ ಅದರಲ್ಲಿ ಬಯಲಾಗಿದೆ.

ತಲವಾರನ್ನು ಜೋಡಿಸುವ ಬಗೆಯೇ ಈ ಎಲ್ಲ ಗೊಂದಲದ ಮೂಲ. ಯೂರೋಪಿನ ಬಹುತೇಕ ಕತ್ತಿಗಳಲ್ಲಿ ಅಲಗಿನ ಹಿಂಬದಿಯು ಹಿಡಿಯ ಉದ್ದಕ್ಕೂ ಹಾದು ಹೋಗಿ, ಆಚೆ ತುದಿಯಲ್ಲಿ ಬಡಿದು ಮುಚ್ಚಿರುತ್ತದೆ. ನಮ್ಮ ತಲವಾರಿನ ಹಿಡಿ ಟೊಳ್ಳಾದ ಕಬ್ಬಿಣದ್ದು. ಅದರೊಳಗೆ ಕಾಯಿಸಿದ ಅರಗು, ರಾಳದ ಮಿಶ್ರಣವನ್ನು ತುಂಬಿ, ಅಲಗಿನ ಮೊಟಕು ತುದಿಯನ್ನು ಬಿಸಿಯಾಗಿಯೇ ಒಳಗೆ ತೂರಿಸುತ್ತಾರೆ. ಆರಿದ ಮೇಲೆ ಅದು ಕಲ್ಲಿನಂತೆ ಹಿಡಿದುಕೊಳ್ಳುತ್ತದೆ. ಬಿಚ್ಚಬೇಕೆಂದರೆ ಹಿಡಿಯನ್ನು ಕೆಂಡದ ಮೇಲೆ ಕಾಯಿಸಿದರೆ ಸಾಕು, ಅರಗು ಕರಗಿ ಅಲಗು ಕೈಗೆ ಬರುತ್ತದೆ. ಯುದ್ಧದಲ್ಲಿ ಅಲಗು ಮುರಿದರೆ ಹಿಡಿಗೆ ಹೊಸ ಅಲಗು, ಹಿಡಿ ಹಾಳಾದರೆ ಅಲಗಿಗೆ ಹೊಸ ಹಿಡಿ. ಊರಿನ ಕಮ್ಮಾರನಿಗೆ ಇದು ಒಂದು ಹೊತ್ತಿನ ಕೆಲಸ. ಇನ್ನೂರು, ಮುನ್ನೂರು ವರ್ಷ ಬಾಳಿದ ಕತ್ತಿಯಲ್ಲಿ ಹಿಡಿಯೂ ಅಲಗೂ ಒಂದೇ ದಿನ ಹುಟ್ಟಿದವು ಎಂದು ಮೊದಲೇ ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು, ಆಮೇಲೆ ಅವು ಯಾವಾಗ ಜೊತೆಯಾದವು ಎಂದು ಕೇಳಬೇಕು.

ದಖ್ಖನಿನಲ್ಲಿ ಈ ಬೆರಕೆಗೆ ಹೆಸರೇ ಇತ್ತು: ಫಿರಂಗಿ. ಸಮುದ್ರದಾಚೆಯಿಂದ ಪೋರ್ಚುಗೀಸರು ಮತ್ತು ಇತರ ವ್ಯಾಪಾರಿಗಳು ತಂದ ಅಲಗಿಗೆ ಇಲ್ಲಿನ ಖಾಂಡಾ ಎಂಬ ನೆಟ್ಟನೆಯ ಕತ್ತಿಯ ಹಿಡಿಯನ್ನು ಜೋಡಿಸಿದ ಉದ್ದನೆಯ, ನೆಟ್ಟನೆಯ ಕತ್ತಿ ಅದು. ಹಿಡಿಯ ತುದಿಯಲ್ಲಿ ಕಡ್ಡಿಯಂತೆ ಚಾಚಿದ ಭಾಗವಿರುತ್ತದೆ, ಬೇಕಾದಾಗ ಇನ್ನೊಂದು ಕೈಯನ್ನೂ ಹಾಕಲು. ಜರ್ಮನಿಯ ಜೋಲಿಂಗೆನ್‌ನ ಅಲಗುಗಳ ಮೇಲೆ ಓಡುವ ತೋಳದ ಗುರುತು ಇರುತ್ತಿತ್ತು. ಆ ಗುರುತಿಗೆ ಬೆಲೆ ಬಂದ ಮೇಲೆ ಅದನ್ನು ಬೇರೆ ಊರುಗಳಲ್ಲಿಯೂ ಕೊರೆದರು. ಆದ್ದರಿಂದ ತೋಳ ಕಂಡ ಮಾತ್ರಕ್ಕೆ ಜೋಲಿಂಗೆನ್ ಎಂದು ಬರೆದುಕೊಳ್ಳುವಂತಿಲ್ಲ. ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿತೆಂದು ಹೇಳುವ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನೆಯ ಜನರಲ್ ಬೇರ್ಡ್‌ಗೆ ಕೊಟ್ಟ ಕತ್ತಿಯನ್ನು 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜು ಹಾಕಿದರಲ್ಲ, 1.4 ಕೋಟಿ ಪೌಂಡಿಗೆ, ಅದರ ಅಲಗನ್ನೂ ಜರ್ಮನ್ ಅಲಗುಗಳ ಮಾದರಿಯಲ್ಲಿ ಮಾಡಿದ್ದು ಎಂದೇ ಹರಾಜಿನವರು ವಿವರಿಸಿದ್ದರು. ಪತ್ರಿಕೆಗಳೆಲ್ಲ ಬೆಲೆಯನ್ನು ದಪ್ಪಕ್ಷರದಲ್ಲಿ ಹಾಕಿದವು. ನಾನು ಆ ಸುದ್ದಿಯಲ್ಲಿ ಹುಡುಕಿ ಹುಡುಕಿ ಓದಿದ್ದು ಅಲಗಿನ ಬಗ್ಗೆ ಇದ್ದ ಆ ಒಂದು ಸಾಲನ್ನು.

ಆಯುಧಗಳು ಊರು ಬದಲಿಸುವುದೂ ಹಾಗೆಯೇ. ರಾಯಚೂರು, ಬಳ್ಳಾರಿಗೆ ಹತ್ತಿರವಿರುವ ಆದವಾನಿ ಕೋಟೆ ವಿಜಯನಗರದ ನಂತರ ಬಿಜಾಪುರದವರ ಕೈಯಲ್ಲಿತ್ತು. ಹದಿನೇಳನೆಯ ಶತಮಾನದ ಕೊನೆಗೆ ಮೊಗಲರ ದಂಡಿನೊಂದಿಗೆ ಬಂದ ಬಿಕಾನೇರದ ಅನೂಪ್ ಸಿಂಗ್ ಅಲ್ಲಿನ ಆಯುಧಗಳನ್ನು ರಾಜಸ್ಥಾನಕ್ಕೆ ಸಾಗಿಸಿದ. ಬಿಕಾನೇರದ ಉಗ್ರಾಣದವರು ಅವುಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಒತ್ತಿದ ದೇವನಾಗರಿ ಅಕ್ಷರಗಳಲ್ಲಿ ಲೆಕ್ಕ ಬರೆದರು. ಇಂದು ಅಂಥ ಕಠಾರಿಯೊಂದು ಕಂಡರೆ ಅಕ್ಷರ ನೋಡಿ ರಾಜಸ್ಥಾನದ್ದು ಎನ್ನುವವರೇ ಹೆಚ್ಚು. ಅದನ್ನು ಬಡಿದ ಕುಲುಮೆ ಮಾತ್ರ ತುಂಗಭದ್ರೆಯ ಸೀಮೆಯದ್ದಾಗಿರಬಹುದು. ಅಕ್ಷರವು ಆಯುಧವನ್ನು ಇಟ್ಟುಕೊಂಡವರ ವಿಳಾಸವನ್ನು ಕೊಡುತ್ತದೆ ಅಷ್ಟೆ.

ಈ ಎಲ್ಲ ಮಾತಿಗೆ ಒಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸುತ್ತೇನೆ.

ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಮನೆ. ಯಜಮಾನರಿಗೆ ಎಂಬತ್ತು ದಾಟಿದೆ. ದೇವರ ಕೋಣೆಯ ಮಾಡದಿಂದ ಕತ್ತಿಯನ್ನು ಅವರೇ ಇಳಿಸಿದರು, ಬೇರೆಯವರು ಮುಟ್ಟುವಂತಿಲ್ಲ. "ಇದು ಮದಕರಿ ನಾಯಕರ ಕಾಲದ್ದು ಸ್ವಾಮಿ, ನಮ್ಮ ಹಿರಿಯರು ಕೋಟೆಯ ಕಾವಲಿನಲ್ಲಿ ಇದ್ದವರು" ಎಂದರು. ಹೈದರ್ ಅಲಿ ದುರ್ಗವನ್ನು ಹಿಡಿದದ್ದು 1779ರಲ್ಲಿ. ಅಂದರೆ ಕತ್ತಿ ಅದಕ್ಕಿಂತ ಹಿಂದಿನದಾಗಿರಬೇಕು.

ಒರೆಯಿಂದ ಎಳೆದ ಕೂಡಲೇ ಅಲಗಿನ ಆಕಾರ ನನ್ನನ್ನು ತಡೆಯಿತು. ತಲವಾರಿನ ಅಲಗು ಸಾಮಾನ್ಯವಾಗಿ ಮೊನೆಯ ಕಡೆಗೆ ಸಪೂರವಾಗುತ್ತಾ ಹೋಗುತ್ತದೆ. ಇದು ಮೊನೆ ಹತ್ತಿರವಾದಂತೆ ಅಗಲವಾಗುತ್ತಿತ್ತು, ತುದಿ ಕೊಡಲಿಯ ಬಾಯಿಯಂತೆ ದುಂಡಾಗಿ ಇಳಿದಿತ್ತು. ಎರಡೂ ಬದಿಯಲ್ಲಿ ಉದ್ದಕ್ಕೂ ಒಂದೊಂದು ಅಗಲವಾದ ತೋಡು. ಟೇಪು ಹಿಡಿದರೆ ಅಲಗು 33 ಅಂಗುಲಕ್ಕೆ ಸ್ವಲ್ಪ ಕಡಿಮೆ. ನಮ್ಮ ಅಲಗುಗಳಲ್ಲಿ ಬುಡದ ಹತ್ತಿರ ಎರಡು ಬೆರಳಿನಷ್ಟು ಜಾಗವನ್ನು ಹರಿತ ಮಾಡದೆ ಬಿಡುವ ರೂಢಿ ಇದೆ, ಅದು ಇಲ್ಲಿ ಇರಲಿಲ್ಲ. ಸೊಸೆಯವರಿಗೆ ಕೋಣೆಯ ದೀಪ ಆರಿಸಲು ಹೇಳಿ, ಟಾರ್ಚನ್ನು ಬೆನ್ನಿನ ಮೇಲೆ ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ತುಕ್ಕಿನ ಕಲೆಯಂತೆ ಕಾಣುತ್ತಿದ್ದುದು ಓರೆ ಬೆಳಕಿನಲ್ಲಿ ಗೀರುಗಳಾಗಿ ಎದ್ದಿತು. ಭೂತಗನ್ನಡಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ, ಅವಳ ಕಣ್ಣು ನನ್ನದಕ್ಕಿಂತ ಚುರುಕು. ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಅವಳು ಬಿಡಿಸಿ ಹೇಳಿದಳು. ಕೂಡಿಸಿದರೆ 'ಆಸ್ಬಾರ್ನ್' ಎಂದಾಯಿತು.

ಹೆನ್ರಿ ಆಸ್ಬಾರ್ನ್ ಬರ್ಮಿಂಗ್‌ಹ್ಯಾಮಿನ ಕತ್ತಿ ತಯಾರಕ. ಲೆ ಮಾರ್ಚಂಟ್ ಎಂಬ ಬ್ರಿಟಿಷ್ ಸೇನಾಧಿಕಾರಿಯೊಂದಿಗೆ ಸೇರಿ ಲಘು ಅಶ್ವದಳದ ಕತ್ತಿಗೆ ಹೊಸ ಮಾದರಿಯನ್ನು ರೂಪಿಸಿದವನು. ಆ ಮಾದರಿ ಸೇನೆಯ ಬಳಕೆಗೆ ಬಂದದ್ದು 1796ರಲ್ಲಿ. ಭಾರತದ ಅಶ್ವದಳಗಳಲ್ಲಿ ಅದಕ್ಕೆ ಇಂಗ್ಲೆಂಡಿನಲ್ಲಿ ಇದ್ದುದಕ್ಕಿಂತ ಹೆಚ್ಚು ಕಾಲ ಮನ್ನಣೆ ಸಿಕ್ಕಿತು. ಅಂದರೆ ದುರ್ಗ ಬಿದ್ದು ಹದಿನೇಳು ವರ್ಷವಾದ ಮೇಲಷ್ಟೇ ಹುಟ್ಟಬಹುದಾದ ಅಲಗು ಇದು.

"ಹಾಗಾದರೆ ನಮ್ಮ ತಾತ ಹೇಳಿದ್ದು ಸುಳ್ಳೇ?" ಎಂದು ಯಜಮಾನರು ಕೇಳಿದರು. ಧ್ವನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಇಂಥ ಹೊತ್ತಿನಲ್ಲಿ ಅರ್ಧಕ್ಕೆ ಕೆಲಸ ನಿಲ್ಲಿಸಿ ಎದ್ದು ಬರುವುದು ದೊಡ್ಡ ಅನ್ಯಾಯ. ಅಲಗಿನ ಮಾತು ಮುಗಿದಿತ್ತು, ಹಿಡಿಯನ್ನು ಇನ್ನೂ ಕೇಳಿರಲಿಲ್ಲ.

ಹಿಡಿ ಕಬ್ಬಿಣದ್ದು, ಮೇಲೆ ಬೆಳ್ಳಿಯ ಬಳ್ಳಿ. ಇದನ್ನು ಮಾಡುವವರು ಮೊದಲು ಕಬ್ಬಿಣದ ಮೈಯನ್ನು ಸಣ್ಣ ಸಣ್ಣ ಅಡ್ಡಗೀರುಗಳಿಂದ ಒರಟು ಮಾಡಿ, ಅದರ ಮೇಲೆ ಬೆಳ್ಳಿಯ ಎಳೆಯನ್ನು ಇಟ್ಟು ಬಡಿಯುತ್ತಾರೆ. ಬೆಳ್ಳಿ ಸವೆದು ಹೋದಲ್ಲಿ ಆ ಗೀರುಗಳು ಕಾಣಸಿಗುತ್ತವೆ. ಇಲ್ಲಿ ತೋರುಬೆರಳು ಕೂರುವ ಕಡೆ ಬೆಳ್ಳಿ ಪೂರ್ತಿ ಮಾಯವಾಗಿ ಗೀರುಗಳೂ ನಯವಾಗಿದ್ದವು. ಬಹಳ ಕಾಲ ಬಹಳ ಕೈಗಳು ಹಿಡಿದ ಗುರುತು ಅದು. ಆಮೇಲೆ ಅಲಗು ಹಿಡಿಯೊಳಗೆ ಸೇರುವ ಬಾಯಿಯನ್ನು ನೋಡಿದೆ. ಅಲ್ಲಿ ಅರದ ಗೆರೆಗಳಿದ್ದವು, ಎರಡೂ ಕಡೆ, ಓರೆಯಾಗಿ, ಅವಸರದಲ್ಲಿ ಉಜ್ಜಿದಂತೆ. ಆ ಅರದ ಗೆರೆಗಳು ಬೆಳ್ಳಿಯ ಬಳ್ಳಿಯನ್ನು ನಡುವೆ ಕತ್ತರಿಸಿ ಹೋಗಿದ್ದವು. ಒಂದು ಎಲೆಯ ಅರ್ಧ ಉಳಿದಿತ್ತು, ಇನ್ನರ್ಧ ಅರಕ್ಕೆ ಹೋಗಿತ್ತು.

ಟೂಲ್ ರೂಮಿನಲ್ಲಿ ಕೆಲಸ ಮಾಡಿದವನಿಗೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಡ. ಈ ಹಿಡಿಯನ್ನು ಮಾಡಿ ಅಲಂಕರಿಸಿದ್ದು ತೆಳುವಾದ ಬೇರೊಂದು ಅಲಗಿಗಾಗಿ. ಎಷ್ಟೋ ಕಾಲದ ಮೇಲೆ ಈ ದಪ್ಪ ಅಲಗು ಬಂದಾಗ ಬಾಯಿ ಸಾಲದೆ ಹೋಯಿತು, ಕಮ್ಮಾರ ಅರ ಹಿಡಿದು ಅಗಲ ಮಾಡಿದ, ಬೆಳ್ಳಿ ಹೋದರೆ ಹೋಗಲಿ ಎಂದುಕೊಂಡ. ಹಿಡಿ ಈ ಜೋಡಣೆಗಿಂತ ಹಳೆಯದು. ಅದು ಮದಕರಿ ನಾಯಕನ ಕಾಲದ್ದೇ ಎಂದು ನಾನು ಬರೆದುಕೊಡಲಾರೆ, ಆದರೆ ಅಲ್ಲ ಎನ್ನುವುದಕ್ಕೆ ಅದರಲ್ಲಿ ಏನೂ ಇಲ್ಲ. ಯಜಮಾನರಿಗೆ ಅರ್ಧ ಉಳಿದ ಆ ಎಲೆಯನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಗಾದರೆ ಕತ್ತಿ ಮುರಿದರೂ ಹಿಡಿಯನ್ನು ಬಿಡಲಿಲ್ಲ ಅನ್ನಿ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಸೋತ ಕೋಟೆಯ ಕಾವಲಿನವರ ಮನೆಯ ಹಿಡಿಗೆ ಕುಂಪಣಿಯ ಕುದುರೆ ದಂಡಿನ ಅಲಗು ಬಂದು ಸೇರಿದೆ. ಎರಡೂ ಸೇರಿದ ಈ ಕತ್ತಿ ನನ್ನ ಕಣ್ಣಿಗೆ ಒಂದೇ ಕಾಲದ ಅಚ್ಚುಕಟ್ಟಾದ ಕತ್ತಿಗಿಂತ ಹೆಚ್ಚು ಬೆಲೆಯದು.

ಉಕ್ಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೋಸ ಹೆಚ್ಚಾಗಿ ನಡೆಯುವುದು ಅಲ್ಲಿ. ನಮ್ಮ ಸೀಮೆಯ ಮೂಸೆಯ ಉಕ್ಕು, ಅಂದರೆ ಮುಚ್ಚಿದ ಮಣ್ಣಿನ ಕುಡಿಕೆಯಲ್ಲಿ ಕಾಯಿಸಿ ಮಾಡಿದ ಉಕ್ಕು, ಲೋಕಪ್ರಸಿದ್ಧ. ಕುಂಪಣಿಯ ಪರವಾಗಿ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಈಗಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಕಡೆಯ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು, ಅದು ಭಾರತದ ದೂರದ ಊರುಗಳಿಗೂ ಹೋಗುತ್ತಿತ್ತು ಎಂಬುದನ್ನೂ ಅವನೇ ದಾಖಲಿಸಿದ್ದಾನೆ. ಬೊಂಬೆಯ ಊರೆಂದು ಎಲ್ಲರಿಗೂ ಗೊತ್ತಿರುವ ಚನ್ನಪಟ್ಟಣಕ್ಕೆ ಈ ಕೀರ್ತಿಯೂ ಸಲ್ಲಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಂಥ ಉಕ್ಕನ್ನು ಹದವಾದ ಕಾವಿನಲ್ಲಿ ತಾಳ್ಮೆಯಿಂದ ಬಡಿದು ಮಾಡಿದ ಅಲಗಿನ ಮೈಯಲ್ಲಿ ಸಣ್ಣ ಅಲೆಗಳಂಥ ಚಿತ್ತಾರ ಮೂಡುತ್ತದೆ. ಅದು ಉಕ್ಕಿನೊಳಗಿನ ಇಂಗಾಲ ಸಾಲುಗಟ್ಟಿ ನಿಂತ ಗುರುತು. ಹಳಬರು ಅನ್ನಭೇದಿಯ (ಕಬ್ಬಿಣದ ಸಲ್ಫೇಟಿನ) ನೀರನ್ನು ಸವರಿ ಅದನ್ನು ಕಣ್ಣಿಗೆ ಕಾಣಿಸುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಮೂಸೆಯ ಉಕ್ಕು ಎಂಬ ಹೆಸರಿನಲ್ಲಿ ಸಿಗುವುದು ಬಹುಪಾಲು ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬೆಸೆದು, ಮಡಿಸಿ ಬಡಿದದ್ದು. ಅದರ ಗೆರೆಗಳು ಅಗಲ, ಗಟ್ಟಿ, ಅಳೆದಿಟ್ಟಂತೆ ಮತ್ತೆ ಮತ್ತೆ ಬರುತ್ತವೆ. ಮೂಸೆಯ ಉಕ್ಕಿನ ಗೆರೆ ಸಪೂರ, ಒಂದು ಕಡೆ ದಟ್ಟವಾಗಿ ಇನ್ನೊಂದು ಕಡೆ ಚದುರಿ ಹೋಗುತ್ತದೆ. ಇದಕ್ಕಿಂತ ಕೆಳಗಿನ ದರ್ಜೆಯದು ಲಾರಿಯ ಕಮಾನುಪಟ್ಟಿಯನ್ನು ಕತ್ತರಿಸಿ ಮಾಡಿ, ಆಮ್ಲದಲ್ಲಿ ಅದ್ದಿ, ಮಣ್ಣಿನಲ್ಲಿ ಹೂತು ತೆಗೆದ 'ಪುರಾತನ' ಕತ್ತಿ. ಆ ಮೋಸವನ್ನು ಹಿಡಿಯಲು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಸಾಕು. ಹಿಂದಿನ ಕಮ್ಮಾರ ಅಲಗನ್ನು ಬುಡದಲ್ಲಿ ದಪ್ಪ ಮಾಡಿ ಮೊನೆಯ ಕಡೆಗೆ ತೆಳುವಾಗಿಸುತ್ತಾ ಹೋಗುತ್ತಿದ್ದ, ಕತ್ತಿ ಕೈಯಲ್ಲಿ ಹಗುರವಾಗಿ ತಿರುಗಲೆಂದು. ನನ್ನ ಬಳಿ ಇರುವ ಹಿಡಿಯಿಲ್ಲದ ಅಲಗು ಬುಡದಲ್ಲಿ ಏಳು ಮಿಲಿಮೀಟರ್, ಮೊನೆಯ ಹತ್ತಿರ ಎರಡಕ್ಕೂ ಕಡಿಮೆ. ಪಟ್ಟಿಯಿಂದ ಕತ್ತರಿಸಿದ್ದು ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ. ಬೆನ್ನಿನ ಫೋಟೋ ಕೇಳುವುದು ಇದಕ್ಕಾಗಿಯೂ ಹೌದು.

ಇನ್ನೊಂದು ಸಾಧನ ನಮ್ಮ ನಾಡಿನವರಿಗೆ ಪುಕ್ಕಟೆಯಾಗಿ ಸಿಕ್ಕಿದೆ. ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು. ಯಾವ ಅರಸನ ಆಳ್ವಿಕೆಯಲ್ಲಿ ಯಾರು ಸತ್ತರು ಎಂದು ಶಾಸನವೇ ಹೇಳುತ್ತದೆ, ಪಕ್ಕದಲ್ಲಿಯೇ ಅವರ ಕೈಯಲ್ಲಿದ್ದ ಆಯುಧದ ಚಿತ್ರ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುಮಾರು ಕ್ರಿ.ಶ. 900ರ ಬೇಗೂರಿನ ಕಲ್ಲಿದೆ, ಗಂಗರ ಕಡೆಯ ನಾಗತ್ತರ ನೊಳಂಬರ ವಿರುದ್ಧ ಕಾದಿ ಮಡಿದುದರ ನೆನಪಿಗೆ ನೆಟ್ಟದ್ದು. ಆ ಕಾಲದ ಕಲ್ಲುಗಳಲ್ಲಿ ನೆಟ್ಟನೆಯ ಕತ್ತಿ, ಮುಂದಕ್ಕೆ ಬಾಗಿದ ಕತ್ತಿ ಎರಡೂ ಸಿಗುತ್ತವೆ, ತಲವಾರಿನಂತೆ ಹಿಂದಕ್ಕೆ ಬಾಗಿದ ಅಲಗು ಸಿಗುವುದಿಲ್ಲ. ಅದು ನಮ್ಮಲ್ಲಿಗೆ ಬಂದದ್ದು ತುರುಕರ, ಪರ್ಷಿಯದವರ ನಂಟು ಬೆಳೆದ ಮೇಲೆ. ತಲವಾರೊಂದನ್ನು ತೋರಿಸಿ ಹೊಯ್ಸಳರದ್ದು ಎಂದು ಮಾರಲು ಬಂದವನಿಗೆ ಊರ ಹೊರಗಿನ ವೀರಗಲ್ಲೇ ಉತ್ತರ ಕೊಡುತ್ತದೆ.

ಕೊಡಗಿನ ಆಯುಧಗಳ ಮುಂದೆ ಮಾತ್ರ ನನ್ನ ಈ ಹಿಡಿ, ಅಲಗುಗಳ ಜಗಳ ತಣ್ಣಗಾಗುತ್ತದೆ. ಒಡಿಕತ್ತಿಯನ್ನು ನೋಡಿ. ಅಗಲವಾದ, ಭಾರವಾದ, ಮುಂದಕ್ಕೆ ಬಾಗಿದ ಅಲಗು, ಹರಿತ ಒಳಬಾಗಿನಲ್ಲಿ. ಅದಕ್ಕೆ ಒರೆ ಇಲ್ಲ. ಬೆನ್ನಿಗೆ ಕಟ್ಟಿದ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಮುಂದೆ, ಕುಪ್ಯ ಎಂಬ ನಿಲುವಂಗಿಯ ಮೇಲೆ ಸುತ್ತಿದ ಕೆಂಪು ಚೇಲೆಯಲ್ಲಿ (ಸೊಂಟಪಟ್ಟಿಯಲ್ಲಿ), ಬೆಳ್ಳಿ ಕೆಲಸದ ಒರೆಯ ಪೀಚೆಕತ್ತಿ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಬಹುಭಾಗದಲ್ಲಿ ಜನರ ಕೈಯಿಂದ ಆಯುಧಗಳನ್ನು ಕಸಿದುಕೊಂಡರು. ತಂಜಾವೂರಿನ ಅರಸರ ಆಯುಧಶಾಲೆಯನ್ನೇ ಒಡೆದು ಬಹುಪಾಲನ್ನು ಗುಜರಿಗೆ ಹಾಕಿದರು, ಮದ್ರಾಸಿನ ಮ್ಯೂಸಿಯಂಗೆ ಆರಿಸಿಕೊಂಡದ್ದು ಉಳಿಯಿತು. ಆದರೆ 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಅದರಿಂದಾಗಿ ಐನ್‌ಮನೆಗಳಲ್ಲಿ (ಕುಟುಂಬದ ಮೂಲಮನೆಗಳಲ್ಲಿ) ಆಯುಧಗಳು ಅಟ್ಟ ಸೇರದೆ, ಬಾವಿಗೆ ಬೀಳದೆ ಉಳಿದವು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಈಗಲೂ ಅವುಗಳಿಗೆ ಪೂಜೆಯಿದೆ, ಮದುವೆಯಲ್ಲಿ ಬಾಳೆಯ ಕಂಬವನ್ನು ಒಡಿಕತ್ತಿಯಿಂದಲೇ ಕಡಿಯುತ್ತಾರೆ. ಬಳಕೆ ತಪ್ಪದ ಆಯುಧದ ಮೈಮೇಲೆ ಸಾಣೆಯ ಗುರುತು ಪ್ರತಿ ತಲೆಮಾರಿಗೂ ಒಂದು ಪದರ ಸೇರಿರುತ್ತದೆ. ನನ್ನ ಪೀಚೆಕತ್ತಿಯ ಒರೆಯಿಂದ ತೂಗುವ ಸರಪಳಿಯಲ್ಲಿ ಚಿಮಟ, ಕಿವಿಕಡ್ಡಿ ಈಗಲೂ ಇವೆ. ಅದನ್ನು ಕೊಟ್ಟ ಮನೆಯವರು ಅಲಗಿನ ಅಗಲ ಮೊದಲು ಇನ್ನೂ ಹೆಚ್ಚಿತ್ತು ಎಂದರು. ಅಷ್ಟು ಸಾಣೆ ಕಂಡಿದೆ.

ಆಯುಧಪೂಜೆಯ ದಿನ ನನಗೆ ಆಗುವ ಸಂಕಟವನ್ನು ಹೇಳಲೇಬೇಕು. ಹಿಂದಿನ ದಿನ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಕತ್ತಿಯನ್ನು ತಿಕ್ಕುತ್ತಾರೆ. ಪೂಜೆಯಲ್ಲಿ ನಿಂಬೆಹಣ್ಣನ್ನು ಅಲಗಿನ ಮೊನೆಗೆ ಚುಚ್ಚಿ ಮರುದಿನದವರೆಗೆ ಬಿಡುತ್ತಾರೆ. ಒದ್ದೆ ಕುಂಕುಮ ಹಚ್ಚಿ ಹಾಗೆಯೇ ಒರೆಗೆ ಸೇರಿಸುತ್ತಾರೆ. ಹುಳಿ, ತೇವ, ಉಪ್ಪು, ಗಾಳಿಯಾಡದ ಒರೆ: ಉಕ್ಕಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಕತ್ತಿಗೆ ಯುದ್ಧದಲ್ಲಿ ಆಗದ ಹಾನಿ ಹೀಗೆ ವರ್ಷಕ್ಕೊಂದು ದಿನದ ಭಕ್ತಿಯಿಂದ ಆಗಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆನ್ನಿನ ಮೇಲಿನ ಅಕ್ಷರ, ಅಲಗಿನ ಚಿತ್ತಾರ ಎರಡೂ ಕೂದಲೆಳೆಯಷ್ಟು ಆಳದಲ್ಲಿ ಇರುವಂಥವು. ಒಮ್ಮೆ ಗಟ್ಟಿಯಾಗಿ ತಿಕ್ಕಿದರೆ ಮರಳಿ ಬರುವುದಿಲ್ಲ. ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಮ್ಮ ಮನೆಯಲ್ಲಿಯೂ ಮಾಡುತ್ತೇವೆ. ಕುಂಕುಮವನ್ನು ಒರೆಗೆ ಹಚ್ಚಿ, ನಿಂಬೆಹಣ್ಣನ್ನು ಪಕ್ಕದಲ್ಲಿ ಇಡಿ, ಹೂವನ್ನು ಸಂಜೆಗೇ ತೆಗೆಯಿರಿ. ಕಪ್ಪಾಗಿ, ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣವನ್ನು ಮುಟ್ಟಬೇಡಿ, ಅದು ಅಲಗನ್ನು ಕಾಯುತ್ತದೆ. ಕೆಂಪಗೆ ಉದುರುವ ತುಕ್ಕಿದ್ದರೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಪ್ಪುಕಾಗದ ಬೇಡವೇ ಬೇಡ. ಹಿಡಿಯೊಳಗೆ ಏನಿದೆ ಎಂಬ ಕುತೂಹಲಕ್ಕೆ ಅದನ್ನು ಒಲೆಯ ಮೇಲೆ ಹಿಡಿಯಲೂಬೇಡಿ.

ಮಾರುವ, ಕೊಳ್ಳುವ ಯೋಚನೆ ಇದ್ದವರು ಕಾನೂನನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಹರಿತದ ಅಲಗು, ಮನೆಗೆಲಸ ಅಥವಾ ಬೇಸಾಯದ್ದಲ್ಲದಿದ್ದರೆ, ಆಯುಧ ನಿಯಮಗಳಲ್ಲಿಯೂ ಹೆಸರಿಸಿದ ವಸ್ತು. ಹೊಲದಲ್ಲಿ, ಬಾವಿಯಲ್ಲಿ ಏನಾದರೂ ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಿ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಅವು ಗುಜರಿಯ ತಕ್ಕಡಿಗೆ ಹೋಗದೆ ಶಿವಮೊಗ್ಗದ ವಸ್ತುಸಂಗ್ರಹಾಲಯ ಸೇರಿದ್ದು, ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಬರುತ್ತಿದೆ ಎಂಬುದನ್ನು ಅಸಡ್ಡೆ ಮಾಡದೆ ಸರಿಯಾದವರಿಗೆ ಮುಟ್ಟಿಸಿದ್ದರಿಂದ.

ನವರಾತ್ರಿಗೆ ಇನ್ನೂ ಸಮಯವಿದೆ. ಹುಣಸೆಹಣ್ಣು ನೆನೆಹಾಕುವ ಮೊದಲು ಕತ್ತಿಯನ್ನು ಕಿಟಕಿಯ ಪಕ್ಕಕ್ಕೆ ತೆಗೆದುಕೊಂಡು ಹೋಗಿ, ಓರೆ ಬೆಳಕಿನಲ್ಲಿ ಬೆನ್ನು, ಹಿಡಿಯ ಬಾಯಿ, ತಟ್ಟೆಯ ಕೆಳಭಾಗ, ಈ ಮೂರನ್ನೂ ಒಂದೊಂದು ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ಹಿರಿಯರು ಅದರ ಬಗ್ಗೆ ಹೇಳುವುದನ್ನು, ನಿಮಗೆ ನಂಬಿಕೆ ಬರಲಿ ಬಿಡಲಿ, ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಫೋಟೋಗಳ ಜೊತೆಗಿಡಿ.